ಆಸಿಯಾನ್ ಅಂದ್ರೇನು, ಈಗ ಅದರ ಮಾತು ಯಾರು ಕೇಳ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಸಿಯಾನ್ ಅಂದ್ರೆ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ. ಆ ಕಡೆಯ ಸುದ್ದಿ ಬಂದಾಗೆಲ್ಲ ಜನ ಅವೇ ಪ್ರಶ್ನೆ ಕೇಳ್ತಾ ಇರ್ತಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಹಾಕಿದೀನಿ. ಪರೀಕ್ಷೆಗೆ ಓದೋರಿಗೂ ಉಪಯೋಗ ಆಗ್ಬಹುದು, ಆದ್ರೆ ಇದು ನೋಟ್ಸ್ ಅಲ್ಲ, ಮಧ್ಯೆ ಮಧ್ಯೆ ನನ್ನ ಅಭಿಪ್ರಾಯನೂ ನುಗ್ಗತ್ತೆ.

ಆಸಿಯಾನ್‌ನಲ್ಲಿ ಯಾವ್ಯಾವ ದೇಶ ಇದಾವೆ?

ಈಗ ಹನ್ನೊಂದು. 1967ರಲ್ಲಿ ಶುರು ಮಾಡಿದ್ದು ಇಂಡೊನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್. ಆಮೇಲೆ 1984ರಲ್ಲಿ ಬ್ರೂನೈ, 1995ರಲ್ಲಿ ವಿಯೆಟ್ನಾಂ, 1997ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ ಸೇರ್ಕೊಂಡ್ವು. ಹಳೇ ಪುಸ್ತಕದಲ್ಲಿ ಹತ್ತು ಅಂತಾನೇ ಇರತ್ತೆ, ಆದ್ರೆ 2025ರ ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದ ಶೃಂಗಸಭೆಯಲ್ಲಿ ಟಿಮೋರ್ ಲೆಸ್ತೆನೂ ಒಳಗೆ ಬಂತು, ಪಾಪ ಅವರು ಅರ್ಜಿ ಹಾಕಿದ್ದು 2011ರಲ್ಲಿ. ಎಲ್ಲಾ ಸೇರಿ ಸುಮಾರು 68 ಕೋಟಿ ಜನ, ಹತ್ರ ಹತ್ರ 4 ಲಕ್ಷ ಕೋಟಿ ಡಾಲರ್ ಆರ್ಥಿಕತೆ. ಸೆಕ್ರೆಟರಿಯೇಟ್ ಇರೋದು ಇಂಡೊನೇಷ್ಯಾದ ಜಕಾರ್ತದಲ್ಲಿ.

ಇದು ಶುರು ಆಗಿದ್ದಾದ್ರೂ ಯಾಕೆ?

ಪಠ್ಯಪುಸ್ತಕದ ಉತ್ತರ ಅಂದ್ರೆ ಕಮ್ಯುನಿಸಂ ಭಯ. ಅದು ಸುಳ್ಳಲ್ಲ, ಪಕ್ಕದಲ್ಲೇ ವಿಯೆಟ್ನಾಂ ಯುದ್ಧ ನಡೀತಿತ್ತು. ಆದ್ರೆ ನಂಗೆ ಅದಕ್ಕಿಂತ ಮುಖ್ಯ ಅನ್ಸೋದು ಈ ಐದೂ ದೇಶಕ್ಕೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರ್ಲಿಲ್ಲ ಅನ್ನೋದು. 1963ರಿಂದ 1966ರವರೆಗೆ ಅಧ್ಯಕ್ಷ ಸುಕರ್ನೊ ಕಾಲದ ಇಂಡೊನೇಷ್ಯಾ ಮಲೇಷ್ಯಾ ಅನ್ನೋ ದೇಶನೇ ಬೇಡ ಅಂತ ಗಡಿಯಲ್ಲಿ ಹೋರಾಡ್ತಿತ್ತು, ಫಿಲಿಪ್ಪೀನ್ಸ್ ಮಲೇಷ್ಯಾದ ಸಬಾ ರಾಜ್ಯ ನಮ್ದು ಅಂತಿತ್ತು, 1965ರಲ್ಲಿ ಸಿಂಗಪುರ ಮಲೇಷ್ಯಾದಿಂದ ಹೊರಗೆ ಬಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಸಿಂಗಪುರದ ಮ್ಯಾಕ್‌ಡೊನಾಲ್ಡ್ ಹೌಸ್‌ನಲ್ಲಿ ಇಂಡೊನೇಷ್ಯಾದ ನೌಕಾಪಡೆಯ ಸೈನಿಕರು ಬಾಂಬ್ ಇಟ್ಟು ಮೂರು ಜನ ಸತ್ತಿದ್ರು.

ಇಂಥವರು 1967ರ ಆಗಸ್ಟ್‌ನಲ್ಲಿ ಥಾಯ್ಲೆಂಡ್‌ನ ಬಾಂಗ್ ಸೇನ್ ಅನ್ನೋ ಬೀಚ್ ಊರಲ್ಲಿ ಸೇರಿ ಗಾಲ್ಫ್ ಆಡ್ತಾ ಮಾತಾಡಿ, ಆಗಸ್ಟ್ 8ಕ್ಕೆ ಬ್ಯಾಂಕಾಕ್‌ನಲ್ಲಿ ಎರಡು ಪುಟದಷ್ಟು ಘೋಷಣೆಗೆ ಸೈನ್ ಹಾಕಿದ್ರು. ಅಲ್ಲಿಗೆ ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ. ಮುಂದಿನ ವರ್ಷಾನೇ ಸಿಂಗಪುರ ಆ ಬಾಂಬ್ ಇಟ್ಟ ಇಬ್ಬರನ್ನ ಗಲ್ಲಿಗೇರಿಸ್ತು, ಜಕಾರ್ತದಲ್ಲಿ ಸಿಂಗಪುರದ ರಾಯಭಾರ ಕಚೇರಿ ಮೇಲೆ ಜನ ಮುಗಿಬಿದ್ರು. 1973ರಲ್ಲಿ ಸಿಂಗಪುರದ ಪ್ರಧಾನಿ ಲೀ ಕ್ವಾನ್ ಯೂ ಜಕಾರ್ತಕ್ಕೆ ಹೋಗಿ ಆ ಇಬ್ಬರ ಸಮಾಧಿ ಮೇಲೆ ಹೂ ಹಾಕಿದ ಮೇಲೇನೇ ಸಂಬಂಧ ಒಂದು ಹದಕ್ಕೆ ಬಂದಿದ್ದು. ಆಸಿಯಾನ್ ಅಂದ್ರೆ ಬರೀ ಮೀಟಿಂಗು, ಗ್ರೂಪ್ ಫೋಟೋ, ಕೈ ಕೈ ಹಿಡ್ಕೊಂಡು ನಿಲ್ಲೋದು ಅಂತ ನಗೋರು ಈ ಕಥೆ ಒಂದ್ಸಲ ನೆನಪಿಟ್ಕೋಬೇಕು, ಯಾಕಂದ್ರೆ ಆ ಐದು ದೇಶಗಳು ಆಮೇಲೆ ಒಬ್ಬರಮೇಲೊಬ್ಬರು ಯುದ್ಧಕ್ಕೆ ಹೋಗ್ಲಿಲ್ಲ.

ಯುರೋಪಿಯನ್ ಯೂನಿಯನ್ ಥರಾನಾ?

ಅಲ್ಲ. ಒಂದೇ ಕರೆನ್ಸಿ ಇಲ್ಲ, ಒಂದೇ ಪಾರ್ಲಿಮೆಂಟ್ ಇಲ್ಲ, ಸದಸ್ಯ ದೇಶಕ್ಕೆ ದಂಡ ಹಾಕೋ ಕೋರ್ಟ್ ಇಲ್ಲ, ಸೈನ್ಯ ಅಂತೂ ಇಲ್ವೇ ಇಲ್ಲ. ನೇಟೋ ಥರ ಒಬ್ಬರ ಮೇಲೆ ದಾಳಿ ಆದ್ರೆ ಎಲ್ಲರೂ ಬರ್ತೀವಿ ಅನ್ನೋ ಒಪ್ಪಂದಾನೂ ಇಲ್ಲ. ಸಂಘಟನೆಗೆ ಒಂದು ಲಿಖಿತ ಚಾರ್ಟರ್ ಜಾರಿಗೆ ಬಂದಿದ್ದೇ 2008ರಲ್ಲಿ, ಅಂದ್ರೆ ಶುರುವಾಗಿ ನಲವತ್ತೊಂದು ವರ್ಷ ಆದ್ಮೇಲೆ.

ಒಂದು ಸಣ್ಣ ವಿಷಯ ಹೇಳ್ತೀನಿ, ಇದರಲ್ಲೇ ಎಲ್ಲಾ ಗೊತ್ತಾಗತ್ತೆ. ಸೆಕ್ರೆಟರಿಯೇಟ್ ನಡೆಸೋಕೆ ಎಲ್ಲಾ ಸದಸ್ಯರೂ ಸಮಾನವಾಗಿ ದುಡ್ಡು ಕೊಡ್ಬೇಕು ಅಂತ ಚಾರ್ಟರ್‌ನಲ್ಲೇ ಇದೆ. ಸಿಂಗಪುರ ಎಷ್ಟು ಕೊಡತ್ತೋ ಲಾವೋಸೂ ಅಷ್ಟೇ. ಕೇಳೋಕೆ ಚೆನ್ನಾಗಿದೆ, ಆದ್ರೆ ಬಡ ದೇಶಕ್ಕೆ ಕೊಡೋಕಾಗೋ ಮೊತ್ತಾನೇ ಎಲ್ಲರ ಮಿತಿ ಆಗ್ಬಿಡತ್ತೆ, ಹಾಗಾಗಿ ಬಜೆಟ್ಟೂ ಚಿಕ್ಕದು, ಕಚೇರಿಯ ಅಧಿಕಾರಾನೂ ಚಿಕ್ಕದು. ಇದು ಯಾರೂ ಗಮನಿಸದೆ ಉಳಿದ ತಪ್ಪು ಅಂತ ನಂಗೆ ಅನ್ಸಲ್ಲ. ಜಕಾರ್ತದಲ್ಲಿ ಯುರೋಪಿಯನ್ ಯೂನಿಯನ್‌ನ ಬ್ರಸೆಲ್ಸ್ ಕಚೇರಿ ಥರ ಒಬ್ಬ ಬಾಸ್ ಹುಟ್ಕೊಳ್ಳೋದು ಇವ್ರಲ್ಲಿ ಯಾರಿಗೂ ಬೇಕಿಲ್ಲ.

ಎಲ್ಲರೂ ಒಪ್ಪಲೇಬೇಕು ಅಂತಾರಲ್ಲ, ಒಬ್ರು ಬೇಡ ಅಂದ್ರೆ ಏನಾಗತ್ತೆ?

ನಿಂತೋಗತ್ತೆ. ಓಟಿಂಗ್ ಇಲ್ಲ, ಮಾತಾಡಿ ಮಾತಾಡಿ ಒಮ್ಮತಕ್ಕೆ ಬರ್ಬೇಕು. ಜೊತೆಗೆ ಇನ್ನೊಬ್ಬರ ಮನೆ ವಿಷಯಕ್ಕೆ ತಲೆ ಹಾಕಬಾರದು ಅನ್ನೋ ನಿಯಮ, ಇದು 1976ರ ಬಾಲಿ ಒಪ್ಪಂದದಲ್ಲೇ ಇದೆ.

ಇದರ ಬೆಲೆ ಏನು ಅಂತ 2012ರ ಜುಲೈನಲ್ಲಿ ಕಾಂಬೋಡಿಯಾದ ನೋಮ್ ಪೆನ್‌ನಲ್ಲಿ ಗೊತ್ತಾಯ್ತು. ವಿದೇಶಾಂಗ ಸಚಿವರ ಸಭೆ, ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಮಾಡ್ತಿರೋದನ್ನ ಜಂಟಿ ಹೇಳಿಕೆಯಲ್ಲಿ ಹಾಕಿ ಅಂತ ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಂ ಅಂದ್ವು, ಅಧ್ಯಕ್ಷ ಸ್ಥಾನದಲ್ಲಿದ್ದ ಕಾಂಬೋಡಿಯಾ ಆಗಲ್ಲ ಅಂತು, ಚೀನಾ ಜೊತೆ ಅದರ ನಂಟು ಎಲ್ಲರಿಗೂ ಗೊತ್ತಿದ್ದದ್ದೇ. 45 ವರ್ಷದಲ್ಲಿ ಮೊದಲನೇ ಸಲ ಜಂಟಿ ಹೇಳಿಕೆನೇ ಇಲ್ದೆ ಸಭೆ ಮುಗೀತು. ಆಮೇಲೆ ಇಂಡೊನೇಷ್ಯಾದ ವಿದೇಶಾಂಗ ಸಚಿವ ಮಾರ್ಟಿ ನತಲೆಗಾವ ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ಓಡಾಡಿ ಆರು ಅಂಶದ ಒಂದು ಹೇಳಿಕೆ ಹೊಂದಿಸಿ ಮಾನ ಉಳಿಸಿದ್ರು. ಚೀನಾಕ್ಕೆ ಇಡೀ ಗುಂಪನ್ನ ಒಲಿಸ್ಕೊಳ್ಳೋ ಅಗತ್ಯಾನೇ ಇಲ್ಲ, ಒಬ್ಬರು ಸಾಕು, ಅದು ಅವತ್ತೇ ಎಲ್ಲರಿಗೂ ಅರ್ಥ ಆಯ್ತು.

ಇಷ್ಟು ವೀಕ್ ಆದ್ರೆ ಅಮೆರಿಕ, ಚೀನಾ, ರಷ್ಯಾ ಎಲ್ಲಾ ಇವರ ಸಭೆಗೆ ಯಾಕೆ ಬರ್ತಾರೆ?

ವೀಕ್ ಅನ್ನೋ ಕಾರಣಕ್ಕೇ ಬರ್ತಾರೆ. ತಮಾಷೆ ಅಲ್ಲ, ಇದನ್ನ ಬಿಟ್ರೆ ಆಸಿಯಾನ್ ಅರ್ಥಾನೇ ಆಗಲ್ಲ. ಬೀಜಿಂಗ್ ಕರೆದ ಸಭೆಗೆ ಟೋಕಿಯೊ ಅನುಮಾನದಿಂದ ಹೋಗತ್ತೆ, ವಾಷಿಂಗ್ಟನ್ ಕರೆದ್ರೆ ಬೀಜಿಂಗ್‌ಗೂ ಅದೇ ಅನುಮಾನ. ಆಸಿಯಾನ್ ಕರೆದ್ರೆ ಯಾರಿಗೂ ಭಯ ಇಲ್ಲ, ಯಾಕಂದ್ರೆ ಇವರಿಂದ ಯಾರಿಗೂ ತೊಂದ್ರೆ ಆಗೋ ಹಾಗಿಲ್ಲ. ಊರಿನ ಅರಳಿಕಟ್ಟೆ ಇದ್ದ ಹಾಗೆ, ಕಟ್ಟೆಗೆ ಯಾರನ್ನೂ ಹೊಡೆಯೋ ಶಕ್ತಿ ಇಲ್ಲ, ಆದ್ರೆ ಜಗಳ ಆಡೋ ಎರಡೂ ಮನೆಯವರು ಬಂದು ಕೂರೋ ಜಾಗ ಅದೊಂದೇ.

ಹಾಗೆ ಒಂದೊಂದೇ ವೇದಿಕೆ ಕಟ್ಕೊಂಡು ಬಂದ್ರು. 1994ರಲ್ಲಿ ಆಸಿಯಾನ್ ರೀಜನಲ್ ಫೋರಂ, ಇದರಲ್ಲಿ ಉತ್ತರ ಕೊರಿಯಾನೂ ಇದೆ ನೋಡಿ. 1997ರಿಂದ ಚೀನಾ, ಜಪಾನ್, ದಕ್ಷಿಣ ಕೊರಿಯಾ ಜೊತೆ ಆಸಿಯಾನ್ ಪ್ಲಸ್ ತ್ರೀ. 2005ರಿಂದ ಪೂರ್ವ ಏಷ್ಯಾ ಶೃಂಗಸಭೆ, ಭಾರತ ಮೊದಲ ದಿನದಿಂದ ಅದರಲ್ಲಿದೆ, 2011ರಲ್ಲಿ ಅಮೆರಿಕ ರಷ್ಯಾ ಸೇರಿದ್ವು. 2010ರಿಂದ ಹೊರಗಿನ ದೇಶಗಳ ಜೊತೆ ರಕ್ಷಣಾ ಸಚಿವರ ಸಭೆ ಬೇರೆ. ಇದಕ್ಕೆ ಇವರು ಇಟ್ಟ ಹೆಸರು ಆಸಿಯಾನ್ ಕೇಂದ್ರೀಯತೆ, ಪ್ರತಿ ಜಂಟಿ ಹೇಳಿಕೆಯಲ್ಲೂ ಈ ಪದ ಇದ್ದೇ ಇರತ್ತೆ, ಓದಿ ಓದಿ ಬೇಜಾರಾಗೋ ಅಷ್ಟು.

ತೊಂದ್ರೆ ಎಲ್ಲಿ ಅಂದ್ರೆ, ದೊಡ್ಡವರು ಈಗ ಬೇರೆ ಕಡೆ ಕೂರೋಕೆ ಶುರು ಮಾಡಿದಾರೆ. ಅಮೆರಿಕ, ಜಪಾನ್, ಭಾರತ, ಆಸ್ಟ್ರೇಲಿಯಾ ಸೇರಿದ ಕ್ವಾಡ್ ಬಂತು, 2021ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಆಕಸ್ ಬಂತು, ಎರಡರಲ್ಲೂ ಆಸಿಯಾನ್‌ನವರು ಒಬ್ಬರೂ ಇಲ್ಲ. ಚೀನಾ ಅಂತೂ ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಮಾತಾಡೋದನ್ನೇ ಇಷ್ಟಪಡತ್ತೆ.

ಸರಿ, ಇವರು ಚೀನಾ ಕಡೆನಾ ಅಮೆರಿಕ ಕಡೆನಾ?

ಈ ಪ್ರಶ್ನೆಗೆ ಉತ್ತರ ಕೊಡದೆ ಇರೋದೇ ಇವರ ವಿದೇಶಾಂಗ ನೀತಿ. 2009ರಿಂದ ಇವರ ದೊಡ್ಡ ವ್ಯಾಪಾರ ಚೀನಾ ಜೊತೆ, 2020ರಿಂದ ಚೀನಾದ ನಂಬರ್ ಒನ್ ವ್ಯಾಪಾರ ಪಾಲುದಾರ ಕೂಡ ಆಸಿಯಾನೇ. ಆದ್ರೆ ತಯಾರಾದ ಮಾಲು ಕೊಳ್ಳೋಕೆ ಅಮೆರಿಕ ಬೇಕು, ಸಮುದ್ರದಲ್ಲಿ ಚೀನಾನ ತಡೆಯೋಕೂ ಅಮೆರಿಕ ಬೇಕು.

ಒಳಗೂ ಒಂದೇ ಥರ ಇಲ್ಲ. ಫಿಲಿಪ್ಪೀನ್ಸ್‌ಗೆ ಅಮೆರಿಕ ಜೊತೆ 1951ರಿಂದ ರಕ್ಷಣಾ ಒಪ್ಪಂದ ಇದೆ, ಈಗ ಒಂಬತ್ತು ನೆಲೆಗಳನ್ನ ಬಳಸೋಕೆ ಅಮೆರಿಕಕ್ಕೆ ಬಿಟ್ಟಿದೆ. ಆ ಕಡೆ ಲಾವೋಸ್‌ನಲ್ಲಿ 2021ರ ಡಿಸೆಂಬರ್‌ನಿಂದ ಚೀನಾ ಗಡಿಯಿಂದ ರಾಜಧಾನಿವರೆಗೆ ರೈಲು ಓಡ್ತಿದೆ, ಸಾಲನೂ ಜೊತೆಗೇ ಓಡ್ತಿದೆ. ವಿಯೆಟ್ನಾಂ ಮಾಡಿದ್ದು ನೋಡಿ, 2023ರ ಸೆಪ್ಟೆಂಬರ್‌ನಲ್ಲಿ ಬೈಡನ್‌ನ ಕರೆಸಿ ಸಂಬಂಧಕ್ಕೆ ಅತಿ ಮೇಲಿನ ದರ್ಜೆ ಕೊಡ್ತು, ಡಿಸೆಂಬರ್‌ನಲ್ಲಿ ಶಿ ಜಿನ್‌ಪಿಂಗ್ ಬಂದ್ರು, 2024ರ ಜೂನ್‌ನಲ್ಲಿ ಪುಟಿನ್ ಬಂದ್ರು. ಒಂದು ವರ್ಷದೊಳಗೆ ಮೂವರಿಗೂ ಕೆಂಪು ಹಾಸು. ಚೀನಾ ಜೊತೆ 1979ರಲ್ಲಿ ಯುದ್ಧ ಮಾಡಿದ, ಅಮೆರಿಕನ 1975ರಲ್ಲಿ ಹೊರಗೆ ಹಾಕಿದ ದೇಶ ಇದು, ಭಾವನೆಗೆ ಜಾಗ ಇಲ್ಲ.

ಸಿಂಗಪುರದ ಐಸಿಯಾಸ್ ಸಂಸ್ಥೆ ಪ್ರತಿ ವರ್ಷ ಸರ್ವೆ ಮಾಡತ್ತೆ, ಒಬ್ಬರನ್ನ ಆರಿಸ್ಲೇಬೇಕು ಅಂದ್ರೆ ಯಾರನ್ನ ಅಂತ. 2024ರಲ್ಲಿ ಶೇ 50.5 ಚೀನಾ ಅಂದ್ರು, ಮರುವರ್ಷ ಶೇ 52.3 ಅಮೆರಿಕ ಅಂದ್ರು. 2024ರ ಹೆಡ್‌ಲೈನ್ ನೋಡಿ ಚೀನಾ ಗೆದ್ತು ಅಂತ ಕುಣಿದೋರು, ಮರುವರ್ಷ ಸುಮ್ನಾದ್ರು.

ಟ್ರಂಪ್ ಟ್ಯಾರಿಫ್ ಬಂದಾಗ ಎಲ್ಲರೂ ಒಟ್ಟಿಗೆ ನಿಂತ್ರಾ?

ಇಲ್ಲ. 2025ರ ಏಪ್ರಿಲ್ 2ಕ್ಕೆ ಬಂದ ಪಟ್ಟಿಯಲ್ಲಿ ಕಾಂಬೋಡಿಯಾಗೆ ಶೇ 49, ಲಾವೋಸ್‌ಗೆ ಶೇ 48, ವಿಯೆಟ್ನಾಂಗೆ ಶೇ 46. ಇಡೀ ಜಗತ್ತಲ್ಲೇ ಜೋರಾಗಿ ಏಟು ಬಿದ್ದವರ ಸಾಲಲ್ಲಿ ಇವರೂ ಇದ್ರು. ಕಾರಣ ನೇರವಾಗಿದೆ, ಅಮೆರಿಕ-ಚೀನಾ ಜಗಳ ಶುರುವಾದ ಮೇಲೆ ಕಾರ್ಖಾನೆಗಳು ಚೀನಾ ಬಿಟ್ಟು ವಿಯೆಟ್ನಾಂ ಕಡೆ ಬಂದ್ವು, 2024ರಲ್ಲಿ ವಿಯೆಟ್ನಾಂ ಜೊತೆಗಿನ ಅಮೆರಿಕದ ವ್ಯಾಪಾರ ಕೊರತೆ 12 ಸಾವಿರ ಕೋಟಿ ಡಾಲರ್ ದಾಟಿತ್ತು. ಜಗಳದ ಲಾಭ ಆದವರಿಗೇ ಬಿಲ್ಲೂ ಬಂತು.

ಆಸಿಯಾನ್ ಒಟ್ಟಾಗಿ ಪ್ರತೀಕಾರದ ಟ್ಯಾರಿಫ್ ಹಾಕಲ್ಲ ಅಂತು, ಜಂಟಿ ಹೇಳಿಕೆ ಕೊಡ್ತು, ಆಮೇಲೆ ಒಬ್ಬೊಬ್ಬರೇ ವಾಷಿಂಗ್ಟನ್ ಬಾಗಿಲು ತಟ್ಟಿದ್ರು. ಆಗಸ್ಟ್ ಹೊತ್ತಿಗೆ ವಿಯೆಟ್ನಾಂ ಶೇ 20ಕ್ಕೆ, ಇಂಡೊನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್, ಫಿಲಿಪ್ಪೀನ್ಸ್, ಕಾಂಬೋಡಿಯಾ ಶೇ 19ಕ್ಕೆ ಇಳಿಸ್ಕೊಂಡ್ರು. ಬೇರೆ ದೇಶದ ಮಾಲಿಗೆ ಸ್ಟಿಕ್ಕರ್ ಅಂಟಿಸಿ ಕಳಿಸಿದ್ರೆ ಶೇ 40 ಅಂತ ಇನ್ನೊಂದು ಕತ್ತಿನೂ ತೂಗ್ತಿತ್ತು. ಹತ್ತು ದೇಶ ಒಟ್ಟಿಗೆ ಕೂತು ಚೌಕಾಶಿ ಮಾಡಿದ್ರೆ ಇನ್ನೂ ಇಳೀತಿತ್ತಾ? ನಂಗೆ ಡೌಟು. ಆರೂ ದೇಶ ಹತ್ರ ಹತ್ರ ಒಂದೇ ದರಕ್ಕೆ ಬಂದು ನಿಂತಿದ್ದರಿಂದ ಒಬ್ಬರ ಕಾರ್ಖಾನೆ ಇನ್ನೊಬ್ಬರು ಕಿತ್ಕೊಳ್ಳೋದು ತಪ್ಪಿತು, ಅಷ್ಟೇ ಸಮಾಧಾನ.

ಇದೇ ಟೈಮಲ್ಲಿ 2025ರ ಮೇನಲ್ಲಿ ಮಲೇಷ್ಯಾ ಅಧ್ಯಕ್ಷತೆಯಲ್ಲಿ ಆಸಿಯಾನ್, ಗಲ್ಫ್ ದೇಶಗಳು, ಚೀನಾ ಮೂವರೂ ಸೇರಿ ಒಂದು ಶೃಂಗಸಭೆ ಮಾಡಿದ್ರು. ಅಮೆರಿಕದ ಮೇಲೆ ಕೋಪ ತೋರ್ಸೋದು ಇವರ ಸ್ಟೈಲಲ್ಲಿ ಹೀಗೇ, ಬೈಯಲ್ಲ, ಇನ್ನೊಬ್ಬರ ಜೊತೆ ಊಟಕ್ಕೆ ಕೂರ್ತಾರೆ.

ದಕ್ಷಿಣ ಚೀನಾ ಸಮುದ್ರದ ಜಗಳ ಎಲ್ಲಿಗೆ ಬಂತು?

ಚೀನಾದ ನಕ್ಷೆಯಲ್ಲಿರೋ ಒಂಬತ್ತು ಗೀಟಿನ ಗೆರೆ ಹೆಚ್ಚುಕಮ್ಮಿ ಇಡೀ ಸಮುದ್ರನೇ ಸುತ್ತಾಕತ್ತೆ, ವಿಯೆಟ್ನಾಂ, ಫಿಲಿಪ್ಪೀನ್ಸ್, ಮಲೇಷ್ಯಾ, ಬ್ರೂನೈ ಹಕ್ಕು ಕೇಳೋ ಜಾಗ ಎಲ್ಲಾ ಅದರೊಳಗೆ ಬರತ್ತೆ. 2016ರ ಜುಲೈ 12ಕ್ಕೆ ಹೇಗ್‌ನ ನ್ಯಾಯಮಂಡಳಿ ಆ ಗೆರೆಗೆ ಕಾನೂನಿನ ಆಧಾರ ಇಲ್ಲ ಅಂತ ಫಿಲಿಪ್ಪೀನ್ಸ್ ಪರ ತೀರ್ಪು ಕೊಡ್ತು. ಅದೇ ತಿಂಗಳು ಲಾವೋಸ್‌ನಲ್ಲಿ ಆಸಿಯಾನ್ ಸಚಿವರು ಸೇರಿದ್ರು, ಜಂಟಿ ಹೇಳಿಕೆಯಲ್ಲಿ ಆ ತೀರ್ಪಿನ ಹೆಸರೇ ಇಲ್ಲ. ತಮ್ಮದೇ ಸದಸ್ಯ ಗೆದ್ದ ಕೇಸು!

ನೀರಿನ ಮೇಲೆ ಪರಿಸ್ಥಿತಿ ಹೇಗಿದೆ ಅಂದ್ರೆ, ಸೆಕೆಂಡ್ ಥಾಮಸ್ ಶೋಲ್ ಅನ್ನೋ ದಿಬ್ಬದ ಮೇಲೆ ಫಿಲಿಪ್ಪೀನ್ಸ್ 1999ರಲ್ಲಿ ಎರಡನೇ ಮಹಾಯುದ್ಧದ ಕಾಲದ ಸಿಯೆರಾ ಮಾದ್ರೆ ಅನ್ನೋ ಹಡಗನ್ನ ಬೇಕಂತಲೇ ತಂದು ಕೂರಿಸ್ತು. ತುಕ್ಕು ಹಿಡಿದ ಆ ಹಡಗಿನಲ್ಲಿ ಇವತ್ತಿಗೂ ಸೈನಿಕರು ಇದಾರೆ, ಅವರಿಗೆ ಅಕ್ಕಿ ನೀರು ಕೊಂಡೊಯ್ಯೋ ದೋಣಿನ ಚೀನಾದ ಕೋಸ್ಟ್ ಗಾರ್ಡ್ ತಡೆಯತ್ತೆ. 2024ರ ಜೂನ್ 17ಕ್ಕೆ ಚೀನಾದವರು ಕತ್ತಿ ಕೊಡಲಿ ಹಿಡ್ಕೊಂಡು ಬಂದ್ರು, ಫಿಲಿಪ್ಪೀನ್ಸ್ ನಾವಿಕನೊಬ್ಬ ಹೆಬ್ಬೆರಳು ಕಳ್ಕೊಂಡ. ಅದಾದ ಮೇಲೆ ಎರಡೂ ದೇಶ ಸಾಮಾನು ಸಾಗಿಸೋ ಬಗ್ಗೆ ತಾತ್ಕಾಲಿಕ ಒಪ್ಪಂದಕ್ಕೆ ಬಂದ್ವು, ನೇರವಾಗಿ ಅವರವರೇ, ಆಸಿಯಾನ್ ಅದರಲ್ಲಿ ಇರ್ಲಿಲ್ಲ.

ಆಸಿಯಾನ್ ಕೈಯಲ್ಲಿರೋದು ಸಮುದ್ರದಲ್ಲಿ ಯಾರು ಹೇಗೆ ನಡ್ಕೋಬೇಕು ಅನ್ನೋ ನಡವಳಿಕೆ ಸಂಹಿತೆಗಾಗಿ ಚೀನಾ ಜೊತೆಗಿನ ಮಾತುಕತೆ. 2002ರಲ್ಲಿ ಬರೀ ಘೋಷಣೆ ಆಯ್ತು, ಕಟ್ಟುಪಾಡಿನ ಸಂಹಿತೆ ಇನ್ನೂ ಎಳೀತಾ ಇದೆ. ಅಷ್ಟರಲ್ಲಿ ಚೀನಾ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ರನ್‌ವೇ ಕಟ್ಟಿ ಮುಗಿಸ್ತು.

ಮ್ಯಾನ್ಮಾರ್ ವಿಷಯದಲ್ಲಿ ಏನು ಮಾಡಿದ್ರು?

2021ರ ಫೆಬ್ರವರಿ 1ಕ್ಕೆ ಸೇನೆ ಅಧಿಕಾರ ಕಿತ್ಕೊಳ್ತು. ಏಪ್ರಿಲ್‌ನಲ್ಲಿ ಜಕಾರ್ತಕ್ಕೆ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್‌ನ ಕರೆಸಿ ಐದು ಅಂಶದ ಒಪ್ಪಂದ ಮಾಡಿದ್ರು, ಹಿಂಸೆ ನಿಲ್ಲಿಸಿ, ಎಲ್ಲರ ಜೊತೆ ಮಾತಾಡಿ, ರಾಯಭಾರಿ ಬರ್ತಾರೆ, ನೆರವು ಬರ್ತದೆ, ಹೀಗೆ. ಆತ ತಲೆ ಆಡಿಸಿ ವಾಪಸ್ ಹೋಗಿ ಹಿಂಸೆ ಮುಂದುವರಿಸಿದ. ಅಕ್ಟೋಬರ್‌ನಲ್ಲಿ ಶೃಂಗಸಭೆಗೆ ಆತನನ್ನ ಕರೀಲಿಲ್ಲ, 2026ರಲ್ಲಿ ಮ್ಯಾನ್ಮಾರ್‌ಗೆ ಬರ್ಬೇಕಿದ್ದ ಅಧ್ಯಕ್ಷಗಿರಿನ ಫಿಲಿಪ್ಪೀನ್ಸ್‌ಗೆ ಕೊಟ್ರು. ಆಸಿಯಾನ್ ಮಟ್ಟಿಗೆ ಇದು ದೊಡ್ಡ ಶಿಕ್ಷೆ, ಮ್ಯಾನ್ಮಾರ್‌ನ ಹಳ್ಳಿಯ ಮೇಲೆ ಬಾಂಬ್ ಬೀಳ್ತಿರೋರಿಗೆ ಏನೂ ಅಲ್ಲ. ವರ್ಷಕ್ಕೊಬ್ಬ ಅಧ್ಯಕ್ಷ, ಅವರ ಜೊತೆಗೇ ಹೊಸ ವಿಶೇಷ ರಾಯಭಾರಿ, ಹಳಬರು ಕಲಿತಿದ್ದು ಅವರ ಜೊತೆಗೇ ಹೋಗತ್ತೆ. ಇದು ಆಸಿಯಾನ್‌ನ ಸೋಲು, ನಾನು ಇದಕ್ಕೆ ಸಮಜಾಯಿಷಿ ಹುಡುಕಲ್ಲ.

ಥಾಯ್ಲೆಂಡ್-ಕಾಂಬೋಡಿಯಾ ಯುದ್ಧ ನಿಲ್ಲಿಸಿದ್ದು ಟ್ರಂಪಾ ಆಸಿಯಾನಾ?

ಇಬ್ಬರೂ ಸ್ವಲ್ಪ ಸ್ವಲ್ಪ, ಮತ್ತೆ ಅದು ಪೂರ್ತಿ ನಿಂತಿದ್ದೂ ಇಲ್ಲ. ಫ್ರೆಂಚರ ಕಾಲದ ನಕ್ಷೆಯಿಂದ ಬಂದ ಗಡಿ ಜಗಳ, ಪ್ರೀಹ್ ವಿಹಾರ್ ದೇವಸ್ಥಾನ ಕಾಂಬೋಡಿಯಾದ್ದು ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲೇ ಹೇಳಿತ್ತು, ಸುತ್ತಲಿನ ಗಡಿಯ ಕಿರಿಕಿರಿ ಉಳೀತು. 2025ರ ಜುಲೈ 24ರಿಂದ ಐದು ದಿನ ಫಿರಂಗಿ, ರಾಕೆಟ್, ಥಾಯ್ ಎಫ್-16 ವಿಮಾನ ಎಲ್ಲಾ ಬಂದ್ವು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದ್ರು. ಜುಲೈ 28ಕ್ಕೆ ಮಲೇಷ್ಯಾದ ಪ್ರಧಾನಿ ಅನ್ವರ್ ಇಬ್ರಾಹಿಂ ಪುತ್ರಜಯದಲ್ಲಿ ಇಬ್ಬರನ್ನೂ ಕೂರಿಸಿ ಕದನವಿರಾಮ ಮಾಡಿಸಿದ್ರು. ಅದಕ್ಕೆ ಮುಂಚೆ ಟ್ರಂಪ್ ಇಬ್ಬರಿಗೂ ಫೋನ್ ಮಾಡಿ ಗುಂಡು ನಿಲ್ಲಿಸದಿದ್ರೆ ಟ್ರೇಡ್ ಡೀಲ್ ಇಲ್ಲ ಅಂದಿದ್ರು. ಅಂದ್ರೆ ಹೆದರಿಸಿದ್ದು ಅಮೆರಿಕ, ಕೂರೋಕೆ ಜಾಗ ಕೊಟ್ಟಿದ್ದು ಆಸಿಯಾನ್ ಅಧ್ಯಕ್ಷ. ಅಕ್ಟೋಬರ್‌ನಲ್ಲಿ ಟ್ರಂಪ್ ಎದುರಿಗೇ ಕ್ವಾಲಾಲಂಪುರದಲ್ಲಿ ಸೈನ್ ಆಯ್ತು, ಡಿಸೆಂಬರ್‌ನಲ್ಲಿ ಮತ್ತೆ ಹೊಡೆದಾಟ, ಡಿಸೆಂಬರ್ 27ಕ್ಕೆ ಇನ್ನೊಂದು ಕದನವಿರಾಮ. ಸದಸ್ಯರು ಪರಸ್ಪರ ಗುಂಡು ಹಾರಿಸಲ್ಲ ಅನ್ನೋದೇ ಆಸಿಯಾನ್‌ನ ದೊಡ್ಡ ಹೆಮ್ಮೆ ಆಗಿತ್ತು, ಅದಕ್ಕೇ ಸಮುದ್ರದ ಜಗಳಕ್ಕಿಂತ ಇದು ನಂಗೆ ಹೆಚ್ಚು ಸೀರಿಯಸ್ ಅನ್ಸತ್ತೆ.

ಇಂಡೊನೇಷ್ಯಾ ಬ್ರಿಕ್ಸ್ ಸೇರ್ತಲ್ಲ, ಆಸಿಯಾನ್ ಬಿಡತ್ತಾ?

ಬಿಡಲ್ಲ. ಬ್ರಿಕ್ಸ್ ಅಂದ್ರೆ ಬ್ರೆಜಿಲ್, ರಷ್ಯಾ, ಭಾರತ, ಚೀನಾ ಥರದ ದೇಶಗಳ ಗುಂಪು, 2025ರ ಜನವರಿಯಲ್ಲಿ ಇಂಡೊನೇಷ್ಯಾ ಅದರ ಪೂರ್ಣ ಸದಸ್ಯ ಆಯ್ತು, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಪಾಲುದಾರ ದೇಶಗಳು. ಎಲ್ಲಾ ಕಡೆ ಒಂದೊಂದು ಕುರ್ಚಿ ಇರ್ಲಿ ಅಂತ ಅಷ್ಟೇ.

ಭಾರತಕ್ಕೂ ಇದಕ್ಕೂ ಏನು ಸಂಬಂಧ?

1992ರಲ್ಲಿ, ಪೂರ್ವದ ದೇಶಗಳ ಜೊತೆ ನಂಟು ಬೆಳೆಸೋ ಲುಕ್ ಈಸ್ಟ್ ನೀತಿಯ ಕಾಲದಲ್ಲಿ ಶುರುವಾಗಿದ್ದು, 2010ರಿಂದ ಸರಕುಗಳ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ, 2018ರ ಗಣರಾಜ್ಯೋತ್ಸವಕ್ಕೆ ಹತ್ತೂ ದೇಶದ ನಾಯಕರನ್ನ ಒಟ್ಟಿಗೆ ಕರೆಸಿದ್ರು. ಫಿಲಿಪ್ಪೀನ್ಸ್ 2022ರಲ್ಲಿ 37.5 ಕೋಟಿ ಡಾಲರ್‌ಗೆ ನಮ್ಮಿಂದ ಬ್ರಹ್ಮೋಸ್ ಕ್ಷಿಪಣಿ ಕೊಂಡ್ಕೊಳ್ತು, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ಹೋಯ್ತು. ಇದು ಚೆನ್ನಾಗಿರೋ ಭಾಗ.

ವ್ಯಾಪಾರದಲ್ಲಿ ನಮ್ಗೆ ಕೊರತೆ, ಅದು ಬೆಳೀತಾನೂ ಬಂದಿದೆ, ಹಾಗಾಗಿ ಆ ಒಪ್ಪಂದ ಮತ್ತೆ ಪರಿಶೀಲಿಸ್ಬೇಕು ಅಂತ ದೆಹಲಿ ಪಟ್ಟು. 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿ ಅನ್ನೋ ದೊಡ್ಡ ಪ್ರಾದೇಶಿಕ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಭಾರತ ಹೊರಗೆ ಬಂತು, ಉಳಿದ 15 ದೇಶ 2020ರಲ್ಲಿ ಸೈನ್ ಹಾಕಿ 2022ರಿಂದ ನಡೆಸ್ತಿದಾವೆ. ನೆನಪಿರ್ಬಹುದು, ನ್ಯೂಜಿಲೆಂಡ್ ಹಾಲಿನ ಪುಡಿ ಬಂದ್ರೆ ನಮ್ಮ ಡೇರಿ ಗತಿ ಏನು ಅಂತ ಕರ್ನಾಟಕದ ಹಾಲು ಉತ್ಪಾದಕರೂ ಆಗ ಬೀದಿಗೆ ಇಳಿದಿದ್ರು. ಆ ಭಯ ಸುಳ್ಳಾಗಿರ್ಲಿಲ್ಲ. ಆದ್ರೆ ಏಷ್ಯಾದ ಸಪ್ಲೈ ಚೈನ್ ನಮ್ಮನ್ನ ಬಿಟ್ಟು ಬೆಳೀತಿದೆ ಅನ್ನೋದೂ ಸುಳ್ಳಲ್ಲ, ಎರಡನ್ನೂ ಒಟ್ಟಿಗೆ ಒಪ್ಕೊಳ್ಳೋಕೆ ನಮ್ಗೆ ಕಷ್ಟ.

ನಮ್ಮ ಮಲೆನಾಡಿಗೆ ಇದೆಲ್ಲ ಯಾಕೆ ಬೇಕು?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದವರಿಗೆ ಇದನ್ನ ಹೇಳ್ಕೊಡ್ಬೇಕಾಗಿಲ್ಲ. ಕರಿಮೆಣಸು, ರೊಬಸ್ಟಾ ಕಾಫಿ ಎರಡರಲ್ಲೂ ಜಗತ್ತಿಗೆ ನಂಬರ್ ಒನ್ ವಿಯೆಟ್ನಾಂ. ಅಲ್ಲಿನ ಮೆಣಸು ಶ್ರೀಲಂಕಾ ದಾರಿಯಲ್ಲಿ ಸುಂಕ ತಪ್ಪಿಸ್ಕೊಂಡು ಬಂದು ಇಲ್ಲಿ ಬೆಲೆ ಬಿದ್ದೋಯ್ತು ಅಂತ ಬೆಳೆಗಾರರು ಗಲಾಟೆ ಮಾಡಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕ್ತು. ಅಡಿಕೆಗೂ ಹೀಗೇ, ಮ್ಯಾನ್ಮಾರ್ ಗಡಿ ಕಡೆಯಿಂದ ಕಳ್ಳ ಅಡಿಕೆ ಬರತ್ತೆ ಅನ್ನೋ ದೂರು ಹಳೇದು, 2023ರಲ್ಲಿ ಕನಿಷ್ಠ ಆಮದು ಬೆಲೆ 251ರಿಂದ 351 ರೂಪಾಯಿಗೆ ಏರಿಸಿದ್ರು. ಉಲ್ಟಾನೂ ಆಗತ್ತೆ, ವಿಯೆಟ್ನಾಂನಲ್ಲಿ ಬರ ಬಿದ್ದು 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ಕೊಡಗಿನವರ ಮುಖದಲ್ಲಿ ಕಳೆ ಬಂದಿತ್ತು. ತೋಟ ಇಲ್ದೋರಿಗೆ ಎಣ್ಣೆ ಡಬ್ಬ ಇದೆ, 2022ರ ಏಪ್ರಿಲ್ ಕೊನೇಲಿ ಇಂಡೊನೇಷ್ಯಾ ಪಾಮ್ ಆಯಿಲ್ ರಫ್ತು ನಿಲ್ಲಿಸಿದಾಗ ಇಲ್ಲಿ ಬಜ್ಜಿ ಬೋಂಡಾ ಅಂಗಡಿಯವರಿಗೂ ಬಿಸಿ ತಟ್ಟಿತ್ತು.

ನಮ್ಮ ಸಾರ್ಕ್ ಯಾಕೆ ಹೀಗೆ ಆಗ್ಲಿಲ್ಲ?

ಭಾರತ-ಪಾಕಿಸ್ತಾನ ಜಗಳ ಅಂತ ಹೇಳಿ ಮುಗಿಸ್ಬಹುದು. ದಕ್ಷಿಣ ಏಷ್ಯಾ ದೇಶಗಳ ಕೂಟ ಸಾರ್ಕ್ 1985ರಲ್ಲಿ ಢಾಕಾದಲ್ಲಿ ಶುರುವಾಯ್ತು, ಕೊನೇ ಶೃಂಗಸಭೆ 2014ರಲ್ಲಿ ಕಠ್ಮಂಡುವಿನಲ್ಲಿ, 2016ರಲ್ಲಿ ಉರಿ ದಾಳಿ ಆದ್ಮೇಲೆ ಇಸ್ಲಾಮಾಬಾದ್ ಸಭೆ ರದ್ದಾಯ್ತು, ಅಲ್ಲಿಗೆ ನಿಂತಿದೆ. ಆದ್ರೆ ಇನ್ನೊಂದಿದೆ. ಇಂಡೊನೇಷ್ಯಾದಲ್ಲಿ ಆಸಿಯಾನ್‌ನ ಶೇ 40ರಷ್ಟು ಜನ ಇದಾರೆ, ಆದ್ರೂ ಸುಕರ್ನೊ ನಂತರ ಅಧ್ಯಕ್ಷರಾದ ಸುಹಾರ್ತೊ ಕಾಲದಲ್ಲಿ ಅದು ಬೇಕಂತಲೇ ದನಿ ತಗ್ಗಿಸಿ ಕೂತ್ಕೊಳ್ತು, ಅದಕ್ಕೇ ಚಿಕ್ಕವರು ಧೈರ್ಯವಾಗಿ ಬಂದ್ರು. ದಕ್ಷಿಣ ಏಷ್ಯಾದಲ್ಲಿ ದೊಡ್ಡಣ್ಣ ಹಾಗೆ ಕೂತಿದ್ದು ಕಮ್ಮಿ, ಬೇಜಾರಾದ್ರೂ ಹೇಳ್ಬೇಕು.

ಮುಂದೆ ಯಾವ ಸುದ್ದಿ ಗಮನಿಸ್ಬೇಕು?

ಮೊದಲನೇದು ಸಮುದ್ರದ ಸಂಹಿತೆ, 2026ರೊಳಗೆ ಮುಗಿಸ್ತೀವಿ ಅಂತ ಇವರೇ ಗಡುವು ಹಾಕ್ಕೊಂಡಿದ್ರು, ಅದೂ ಚೀನಾ ಜೊತೆ ದಿನಾ ಜಗಳ ಆಡೋ ಫಿಲಿಪ್ಪೀನ್ಸ್ ಅಧ್ಯಕ್ಷ ಆಗಿರೋ ವರ್ಷ. ಸಂಹಿತೆ ಬಂದ್ರೂ ಅದು ಎಲ್ಲರನ್ನೂ ಕಟ್ಟಿಹಾಕತ್ತಾ, ಯಾವ್ಯಾವ ದಿಬ್ಬಕ್ಕೆ ಅನ್ವಯ ಆಗತ್ತೆ ಅನ್ನೋ ಸಾಲುಗಳನ್ನ ಮೊದಲು ಓದಿ, ಫೋಟೋ ಆಮೇಲೆ ನೋಡಿ. ಎರಡನೇದು ಭಾರತ ಜೊತೆಗಿನ ವ್ಯಾಪಾರ ಒಪ್ಪಂದದ ಪರಿಶೀಲನೆ, ಇದರಲ್ಲಿ ಮಾಲು ನಿಜವಾಗಿ ಯಾವ ದೇಶದ್ದು ಅಂತ ನೋಡೋ ಮೂಲ ದೇಶದ ನಿಯಮ ಬಿಗಿ ಆದ್ರೆ ಮೆಣಸು ಬೆಳೆಗಾರರಿಗೂ ನೇರ ಪರಿಣಾಮ. ಥಾಯ್-ಕಾಂಬೋಡಿಯಾ ಗಡಿಯಂತೂ ಇದ್ದೇ ಇದೆ, ಅಲ್ಲಿಗೆ ಹೋಗೋ ಆಸಿಯಾನ್ ವೀಕ್ಷಕರ ತಂಡಕ್ಕೆ ಎರಡೂ ಸೇನೆ ಎಲ್ಲೆಲ್ಲಿ ಓಡಾಡೋಕೆ ಬಿಡತ್ತೆ ಅನ್ನೋದನ್ನ ನೋಡ್ತಿರಿ.